ಹಳೆಯ ಬಾಹ್ಯಾಕಾಶ ಶೂಟಿಂಗ್ ಆಟಗಳು ಇಂದಿಗೂ ನಮ್ಮನ್ನು ಹಿಡಿದಿಡುವುದು ಹೇಗೆ?

ಸರಸ್ವತಿಪುರಂ_ಓದುಗ

ಎಲ್ಲರಿಗೂ ನಮಸ್ಕಾರ. ಜಪಾನಿನ ಟೈಟೋ ಕಂಪನಿ 1978ರಲ್ಲಿ ಹೊರತಂದ ‘ಸ್ಪೇಸ್ ಇನ್ವೇಡರ್ಸ್’ ಆಟದ ಬಗ್ಗೆ ತಿಳಿದವರನ್ನು ಒಂದು ಮಾತು ಕೇಳಬೇಕೆನಿಸಿದೆ. ಐದು ಸಾಲುಗಳಲ್ಲಿ, ಸಾಲಿಗೆ ಹನ್ನೊಂದರಂತೆ, ಒಟ್ಟು 55 ಶತ್ರುಗಳು ನಿಂತಿರುತ್ತಾರೆ. ಎಲ್ಲರೂ ಒಟ್ಟಾಗಿ ಪಕ್ಕಕ್ಕೆ ಸರಿಯುತ್ತ ಹೋಗಿ, ಪರದೆಯ ಅಂಚು ಮುಟ್ಟಿದೊಡನೆ ಒಂದು ಮೆಟ್ಟಿಲು ಕೆಳಗಿಳಿದು ದಿಕ್ಕು ಬದಲಿಸುತ್ತಾರೆ. ತಳದಲ್ಲಿರುವ ನಮ್ಮ ಫಿರಂಗಿಗೆ ಎಡಕ್ಕೂ ಬಲಕ್ಕೂ ಸರಿಯುವುದನ್ನು ಬಿಟ್ಟರೆ ಬೇರೆ ಚಲನೆಯಿಲ್ಲ. ಆಟಕ್ಕೆ ಮುಕ್ತಾಯವೂ ಇಲ್ಲ. ಒಂದು ಪಡೆಯನ್ನು ಪೂರ್ತಿ ಅಳಿಸಿದರೆ ಮುಂದಿನ ಪಡೆ ಇನ್ನೂ ಸ್ವಲ್ಪ ಕೆಳಗಿನಿಂದಲೇ ಹೊರಡುತ್ತದೆ.

ತೊಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಬೆಳೆದ ನನಗೆ ಇಂತಹ ಆಟಗಳು ಟೀವಿಗೆ ಜೋಡಿಸುವ ಕ್ಯಾಸೆಟ್ ಗೇಮುಗಳ ಮೂಲಕ ಪರಿಚಯವಾದವು. ಹೀಗಾಗಿ ನನ್ನ ಮೆಚ್ಚುಗೆಯೆಲ್ಲ ಬಾಲ್ಯದ ನೆನಪಿನಿಂದ ಬಂದದ್ದೆಂದೇ ಬಹಳ ಕಾಲ ತಿಳಿದಿದ್ದೆ. ಆದರೆ ದಸರಾ ರಜೆಗೆ ಬಂದಿದ್ದ ಅಕ್ಕನ ಮಗ, ಮೊಬೈಲಿನಲ್ಲಿ ಇಂದಿನ ದೊಡ್ಡ ಆಟಗಳನ್ನೆಲ್ಲ ಆಡಿ ಬಲ್ಲವನು, ಇದರ ಮುಂದೆ ಕುಳಿತು ಊಟಕ್ಕೆ ಕರೆದರೂ ಏಳಲಿಲ್ಲ. ಅವನಿಗೆ ಈ ಆಟದ ನೆನಪು ಯಾವುದೂ ಇಲ್ಲ. ಅಂದಮೇಲೆ ಈ ಸೆಳೆತ ಆಟದ ರಚನೆಯೊಳಗೇ ಇರಬೇಕು. ರಚನೆಯ ಯಾವ ಅಂಶ ಆಟಗಾರನನ್ನು ಹೀಗೆ ಹಿಡಿದಿಡುತ್ತದೆ ಎಂಬುದನ್ನು ದಯವಿಟ್ಟು ವಿವರಿಸಿ.

ಕುವೆಂಪುನಗರ_ಮೇಷ್ಟ್ರು

ನನ್ನ ಉತ್ತರ ಆ ಯಂತ್ರದ ಒಳಗಿನಿಂದಲೇ ಆರಂಭವಾಗುತ್ತದೆ. ಆಟವನ್ನು ರೂಪಿಸಿದ ಟೊಮೊಹಿರೊ ನಿಶಿಕಾಡೊ ಅವರು ಬಳಸಿದ್ದು ಸುಮಾರು 2 ಮೆಗಾಹರ್ಟ್ಸ್ ವೇಗದ ಇಂಟೆಲ್ 8080 ಪ್ರೊಸೆಸರ್. ಅದರ ಮುಂದಿನ ಪೀಳಿಗೆಯಾದ 8085ನ್ನು ನಮ್ಮ ವಿದ್ಯಾರ್ಥಿಗಳು ಲ್ಯಾಬಿನ ಕಿಟ್ ಮೇಲೆ ಒಂದೊಂದೇ ಹೆಕ್ಸ್ ಸಂಖ್ಯೆ ಒತ್ತಿ ಕಲಿಯುತ್ತಿದ್ದರು. ಎರಡು ಸಂಖ್ಯೆಗಳನ್ನು ಕೂಡಿಸಿ ಉತ್ತರ ಕಂಡಾಗ ಅವರ ಮುಖದಲ್ಲಿ ಮೂಡುತ್ತಿದ್ದ ಸಂತೋಷವನ್ನು ನೋಡಿದ್ದೇನೆ. ಅಂತಹ ಚಿಪ್ಪಿನಿಂದ 55 ಚಿತ್ರಗಳನ್ನು ಒಟ್ಟಿಗೆ ಓಡಿಸುವುದು ಸಣ್ಣ ಕೆಲಸವಲ್ಲ.

ನಿಜಕ್ಕೂ ಅವು ಒಟ್ಟಿಗೆ ಓಡುವುದಿಲ್ಲ. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗಿ ಮೂಡುತ್ತದೆ, ಮತ್ತು ಪ್ರತಿ ಬಾರಿಯೂ ಒಬ್ಬ ಶತ್ರುವನ್ನು ಮಾತ್ರ ಹಳೆಯ ಜಾಗದಿಂದ ಹೊಸ ಜಾಗಕ್ಕೆ ಸರಿಸಲಾಗುತ್ತದೆ. 55 ಮಂದಿಯೂ ಇರುವಾಗ ಇಡೀ ಪಡೆ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಹತ್ತು ಮಂದಿ ಉಳಿದಾಗ ಅದೇ ಹೆಜ್ಜೆಗೆ ಸೆಕೆಂಡಿನ ಆರನೆಯ ಒಂದು ಭಾಗ ಸಾಕು. ಕೊನೆಗೆ ಉಳಿದ ಒಬ್ಬನು ಪ್ರತಿ ಚಿತ್ರಕ್ಕೂ ಒಂದು ಹೆಜ್ಜೆಯಿಡುತ್ತ ನೋಡನೋಡುತ್ತಲೇ ಪರದೆಯನ್ನು ದಾಟಿಬಿಡುತ್ತಾನೆ. ಯಂತ್ರದ ಮಿತಿಯಿಂದ ಹುಟ್ಟಿದ ಈ ವೇಗವನ್ನು ನಿಶಿಕಾಡೊ ದೋಷವೆಂದು ತಿದ್ದದೆ ಉಳಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಇಡೀ ಆಟದ ಜೀವ ಇದೊಂದು ನಿರ್ಧಾರದಲ್ಲಿದೆ. ಆಟವನ್ನು ಕಷ್ಟವಾಗಿಸುವವರು ಹೊರಗಿನವರು ಯಾರೂ ಅಲ್ಲ. ನಾವು ಹೊಡೆದುರುಳಿಸಿದ ಒಬ್ಬೊಬ್ಬ ಶತ್ರುವೂ ಉಳಿದವರ ವೇಗವನ್ನು ಹೆಚ್ಚಿಸಿ ಹೋಗುತ್ತಾನೆ. ನಮ್ಮ ಯಶಸ್ಸೇ ನಮ್ಮ ಎದುರಾಳಿಯಾಗುವ ಈ ಏರ್ಪಾಡಿನಲ್ಲಿ ಆಟಗಾರನಿಗೆ ದೂರಲು ಯಾರೂ ಸಿಗುವುದಿಲ್ಲ, ಹಾಗಾಗಿಯೇ ಅವನು ಮತ್ತೆ ಆಡಲು ಕೂರುತ್ತಾನೆ.

ಚಾಮುಂಡಿಪುರಂ_ಶ್ರೋತೃ

ಮೇಷ್ಟ್ರ ಮಾತಿಗೆ ಶಬ್ದದ ವಿಷಯವನ್ನೂ ಸೇರಿಸಬೇಕು. ಹಿನ್ನೆಲೆಯಲ್ಲಿ ಇಳಿಯುತ್ತ ಬರುವ ನಾಲ್ಕು ಮಂದ್ರ ಸ್ವರಗಳು ಮಾತ್ರ ಮತ್ತೆ ಮತ್ತೆ ಕೇಳುತ್ತವೆ, ಶತ್ರುಗಳು ಕಡಿಮೆಯಾದಂತೆ ಅವುಗಳ ಲಯವೂ ಚುರುಕಾಗುತ್ತದೆ. ಕಣ್ಣು ಗುರಿಯ ಮೇಲೆಯೇ ನೆಟ್ಟಿರುವಾಗ ಎಷ್ಟು ಮಂದಿ ಉಳಿದಿದ್ದಾರೆಂಬುದನ್ನು ಕಿವಿಯೇ ತಿಳಿಸುತ್ತದೆ. ಶಬ್ದವನ್ನು ಪೂರ್ತಿ ನಿಲ್ಲಿಸಿ ಒಮ್ಮೆ ಆಡಿ ನೋಡಿ. ಅದೇ ವೇಗದಲ್ಲಿಯೂ ಆತಂಕ ಅರ್ಧಕ್ಕಿಳಿದಿರುತ್ತದೆ.

ಮಂಡ್ಯ_ಕಾವೇರಿ

ಮೇಷ್ಟ್ರೇ, ತಾವು ವೇಗದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆಟದ ಜೀವ ಅದೊಂದರಲ್ಲೇ ಇದೆ ಎಂಬುದನ್ನು ಒಪ್ಪಲಾರೆ. ವೇಗ ಹೆಚ್ಚುತ್ತ ಹೋಗುವ ಆಟಗಳು ಬೇಕಾದಷ್ಟು ಬಂದಿವೆ, ಅವುಗಳಲ್ಲಿ ಹೆಚ್ಚಿನವನ್ನು ಜನ ಮರೆತೂ ಇದ್ದಾರೆ. ಸ್ಪೇಸ್ ಇನ್ವೇಡರ್ಸ್ ನಮ್ಮಿಂದ ಕೇಳುವುದು ಬರೀ ಚುರುಕುತನವನ್ನಲ್ಲ. ನಮ್ಮ ಗುಂಡು ಪರದೆಯ ಮೇಲೆ ಒಮ್ಮೆಗೆ ಒಂದೇ ಇರಬಹುದು. ಅದು ಯಾರಿಗಾದರೂ ತಗಲುವವರೆಗೆ ಅಥವಾ ಮೇಲಿನ ಅಂಚು ಸೇರುವವರೆಗೆ ಇನ್ನೊಂದನ್ನು ಹಾರಿಸಲಾಗದು. ಗುರಿ ತಪ್ಪಿದರೆ ಗುಂಡು ಮೇಲೇರಿ ಮಾಯವಾಗುವಷ್ಟು ಹೊತ್ತು ನಾವು ನಿರಾಯುಧರು. ಇದರಿಂದ ಪ್ರತಿಯೊಂದು ಹೊಡೆತಕ್ಕೂ ಒಂದು ಬೆಲೆ ಬರುತ್ತದೆ. ನಮ್ಮನ್ನು ಕಾಯುವ ನಾಲ್ಕು ತಡೆಗೋಡೆಗಳು ಕೂಡ ಶತ್ರುವಿನ ಗುಂಡಿಗೆ ಕರಗುವಂತೆಯೇ ನಮ್ಮ ಗುಂಡಿಗೂ ಕರಗುತ್ತವೆ. ನಿಧಾನಿಸಿದರೆ ಪಡೆ ಕೆಳಗಿಳಿಯುತ್ತದೆ, ಅವಸರಪಟ್ಟರೆ ಕೈ ಬರಿದಾಗುತ್ತದೆ. ಇವೆರಡರ ನಡುವೆ ನಿಂತು ಕ್ಷಣಕ್ಷಣಕ್ಕೂ ನಿರ್ಧರಿಸಬೇಕಾದ ಸ್ಥಿತಿಯೇ ನನ್ನನ್ನು ಸೆಳೆಯುತ್ತದೆ.

ಈ ನಿರ್ಧಾರದ ಸೊಗಸು ತುಟ್ಟತುದಿ ಮುಟ್ಟಿದ್ದು ನಾಮ್ಕೋ ಕಂಪನಿ 1981ರಲ್ಲಿ ತಂದ ‘ಗ್ಯಾಲಗ’ದಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಅದೇ ಕಂಪನಿಯ 1979ರ ‘ಗ್ಯಾಲಕ್ಸಿಯನ್’ನಲ್ಲಿಯೇ ಶತ್ರುಗಳು ಸಾಲು ಬಿಟ್ಟು ನಮ್ಮ ಮೇಲೆರಗುವುದನ್ನು ಕಲಿತಿದ್ದರು. ಗ್ಯಾಲಗದಲ್ಲಿ ಮೇಲಿನ ಸಾಲಿನ ನಾಯಕನೊಬ್ಬನು ಇಳಿದು ಬಂದು ಸೆಳೆಯುವ ಕಿರಣವನ್ನು ಬೀಸಿ ನಮ್ಮ ನೌಕೆಯನ್ನೇ ಸೆರೆಹಿಡಿದು ಒಯ್ಯುತ್ತಾನೆ. ಅವನು ಮತ್ತೆ ಎರಗಿ ಬರುವಾಗ, ನಮ್ಮ ನೌಕೆಗೆ ಗುಂಡು ತಗಲದಂತೆ ಅವನನ್ನು ಹೊಡೆದರೆ ಸೆರೆಯಾದ ನೌಕೆ ಹಿಂದಿರುಗಿ ನಮ್ಮ ಪಕ್ಕಕ್ಕೆ ಜೋಡಿಯಾಗುತ್ತದೆ. ಅಲ್ಲಿಂದ ಮುಂದೆ ಹೊಡೆತದ ಬಲ ಇಮ್ಮಡಿ. ಕಬಡ್ಡಿಯಲ್ಲಿ ಔಟಾದ ಆಟಗಾರ ಮತ್ತೆ ಅಂಕಣಕ್ಕೆ ಬಂದಾಗ ತಂಡಕ್ಕೆ ಬರುವ ಹುರುಪು ಇಲ್ಲಿಯೂ ಇದೆ. ಆದರೆ ಜೋಡಿ ನೌಕೆಯ ಅಗಲವೂ ಇಮ್ಮಡಿಯಾದ್ದರಿಂದ ಶತ್ರುವಿಗೆ ಗುರಿಯೂ ದೊಡ್ಡದಾಗುತ್ತದೆ. ಮೇಲಾಗಿ, ಕೈಯಲ್ಲಿ ಉಳಿದಿರುವುದು ಕೊನೆಯ ನೌಕೆಯಾಗಿದ್ದು ಅದನ್ನೇ ಸೆರೆ ಕೊಟ್ಟರೆ ಆಟ ಅಲ್ಲಿಗೇ ಮುಗಿಯುತ್ತದೆ. ಇದ್ದದ್ದನ್ನು ಪಣಕ್ಕಿಟ್ಟು ಹೆಚ್ಚಿನದನ್ನು ಪಡೆಯುವ ಈ ಸಾಹಸವನ್ನು ಯಾವ ಸೂಚನೆಯೂ ನಮ್ಮ ಮೇಲೆ ಹೇರುವುದಿಲ್ಲ, ಆಟಗಾರನೇ ಮನಸ್ಸು ಮಾಡಬೇಕು.

ಆಟ ಮುಗಿದ ಮೇಲೆ ಗ್ಯಾಲಗ ಇನ್ನೊಂದು ಕೆಲಸ ಮಾಡುತ್ತದೆ: ಹಾರಿಸಿದ ಗುಂಡುಗಳೆಷ್ಟು, ತಗಲಿದವೆಷ್ಟು, ಶೇಕಡಾವಾರು ಎಷ್ಟು ಎಂಬ ಲೆಕ್ಕವನ್ನು ಪರದೆಯ ಮೇಲೆ ತೋರಿಸುತ್ತದೆ. ವೇಗವೇ ಮುಖ್ಯವಾಗಿದ್ದರೆ ಈ ಲೆಕ್ಕ ಬೇಕಾಗಿರಲಿಲ್ಲ ಎಂಬುದನ್ನು ಮೇಷ್ಟ್ರು ಗಮನಿಸಬೇಕೆಂದು ವಿನಂತಿಸುತ್ತೇನೆ.

ಕುವೆಂಪುನಗರ_ಮೇಷ್ಟ್ರು

ಕಾವೇರಿಯವರೇ, ಒಂದೇ ಗುಂಡಿನ ನಿಯಮಕ್ಕೆ ನಾನು ಕೊಡಬೇಕಾದಷ್ಟು ಮಹತ್ವ ಕೊಟ್ಟಿರಲಿಲ್ಲ, ನಿಮ್ಮ ವಾದದಲ್ಲಿ ಹುರುಳಿದೆ. ಆದರೂ ಆ ನಿಯಮ ಕಚ್ಚುವುದು ವೇಗ ಹೆಚ್ಚಿದ ಮೇಲೆಯೇ ಅಲ್ಲವೇ? ಪಡೆ ನಿಧಾನವಾಗಿರುವಾಗ ತಪ್ಪಿದ ಗುಂಡಿಗೆ ಬೆಲೆ ಅಲ್ಪ. ಕೊನೆಯ ಒಬ್ಬನು ಓಡುತ್ತಿರುವಾಗ ಅದು ಪ್ರಾಣಕ್ಕೇ ಬರುತ್ತದೆ. ಎರಡೂ ಅಂಶಗಳು ಒಂದನ್ನೊಂದು ಹರಿತಗೊಳಿಸುತ್ತವೆ ಎನ್ನುವವರೆಗೆ ನಾನು ಬರಬಲ್ಲೆ.

ಸರಸ್ವತಿಪುರಂ_ಓದುಗ

ಎಲ್ಲರಿಗೂ ಕೃತಜ್ಞತೆಗಳು. ಹೊಸದಾಗಿ ಕಲಿಯುವವರು ಮೊದಲು ಯಾವುದರ ಮೇಲೆ ಗಮನವಿಡಬೇಕು ಎಂಬುದನ್ನೂ ಕಾವೇರಿ ಮೇಡಂ ತಿಳಿಸಿದರೆ ಉಪಕಾರವಾಗುತ್ತದೆ.

ಮಂಡ್ಯ_ಕಾವೇರಿ

ಸ್ಪೇಸ್ ಇನ್ವೇಡರ್ಸ್‌ನಲ್ಲಿ ಮೊದಲು ಪಕ್ಕದ ತುದಿಯ ಕಂಬಸಾಲುಗಳನ್ನು ಅಳಿಸಲು ಕಲಿಯಲಿ. ಪಡೆ ಕಿರಿದಾದಷ್ಟೂ ಅದು ಅಂಚು ಮುಟ್ಟಲು ಹೆಚ್ಚು ದೂರ ಸಾಗಬೇಕು, ಹಾಗಾಗಿ ಕೆಳಗಿಳಿಯುವುದು ತಡವಾಗುತ್ತದೆ. ಅದು ರೂಢಿಯಾದ ಮೇಲೆ ತಮ್ಮ ಗುಂಡುಗಳನ್ನು ಎಣಿಸುವ ಅಭ್ಯಾಸ ಮಾಡಿಕೊಳ್ಳಲಿ. ಮೇಲ್ತುದಿಯಲ್ಲಿ ಆಗಾಗ ಹಾದುಹೋಗುವ ತಟ್ಟೆಯಾಕಾರದ ಶತ್ರುನೌಕೆಯನ್ನು 23ನೆಯ ಗುಂಡಿನಿಂದ, ಆಮೇಲೆ ಪ್ರತಿ 15ನೆಯ ಗುಂಡಿನಿಂದ ಹೊಡೆದರೆ ಗರಿಷ್ಠವಾದ 300 ಅಂಕಗಳು ದೊರೆಯುತ್ತವೆ. ಎಣಿಸುತ್ತಲೇ ಆಡತೊಡಗಿದಾಗ ಗುಂಡುಗಳು ದಂಡವಾಗುವುದು ತಾನಾಗಿಯೇ ಕಡಿಮೆಯಾಗುತ್ತದೆ.