ಎಂಪಿರಿಕಲ್ ಫಾರ್ಮುಲಾ ಪ್ರಯೋಗಕ್ಕೆ ಯಾವ ವಸ್ತು? ಮಾಡಿಸಿದವರು ಅನುಭವ ಹೇಳಿ

ಹೈಸ್ಕೂಲ್ ಟೀಚರ್: ಹತ್ತನೇ ಕ್ಲಾಸಿನ ಮಕ್ಕಳೇ ಯೋಜನೆ ಹಾಕಿ ಒಂದು ಸಂಯುಕ್ತದ ಎಂಪಿರಿಕಲ್ ಫಾರ್ಮುಲಾ, ಅಂದರೆ ಅದರಲ್ಲಿ ಯಾವ ಪರಮಾಣು ಒಂದಕ್ಕೆ ಎಷ್ಟು ಇದೆ ಎಂಬ ಸರಳ ಅನುಪಾತ, ಕಂಡುಹಿಡಿಯಬೇಕು ಅಂತ ಆಸೆ. ತಕ್ಕಡಿ 0.01 ಗ್ರಾಂವರೆಗೆ ತೋರಿಸುತ್ತದೆ. ಬರ್ನರ್ ಒಂದೇ. ಏನು ಮಾಡಿಸಲಿ?

ಪಿಯು ಮೇಷ್ಟ್ರು, ಹಾಸನ: ಮೆಗ್ನೀಸಿಯಂ ಬಿಟ್ಟು ಬೇರೆ ಯೋಚನೆಯೇ ಬೇಡ. ನಾನು ವರ್ಷವೂ ಮಾಡಿಸುತ್ತೇನೆ. ಮುಚ್ಚಳವಿರುವ ಕ್ರೂಸಿಬಲ್ಲಿನಲ್ಲಿ (ಕಾಯಿಸುವ ಪುಟ್ಟ ಬಟ್ಟಲು) 0.24 ಗ್ರಾಂ ರಿಬ್ಬನ್ ಪೂರ್ತಿ ಉರಿದರೆ 0.40 ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಆಗಬೇಕು. ಮಕ್ಕಳಿಗೆ 0.37 ಬರುತ್ತದೆ. ಗಾಳಿ ಆಡಲಿ ಅಂತ ಮುಚ್ಚಳ ಎತ್ತಿದಾಗ ಬಿಳಿ ಹೊಗೆ ಬರುತ್ತದಲ್ಲ, ನಿಮ್ಮ ಆಕ್ಸೈಡೇ ಹಾಗೆ ಹಾರಿಹೋಗುವುದು. ಇಕ್ಕಳದಲ್ಲಿ ಒಂಚೂರು ಎತ್ತಿ ತಕ್ಷಣ ಮುಚ್ಚಬೇಕು. ಗಾಳಿಯ ನೈಟ್ರೋಜನ್ ಸೇರಿ ನೈಟ್ರೈಡ್ ಆದರೂ ತೂಕ ಕಡಿಮೆ ಬರುತ್ತದೆ. ಆರಿದ ಮೇಲೆ ನಾಲ್ಕು ಹನಿ ನೀರು ಬಿಡಿ, ನೈಟ್ರೈಡ್ ಒಡೆದು ಅಮೋನಿಯಾ ವಾಸನೆ ಮೂಗಿಗೆ ಬಡಿಯುತ್ತದೆ. ಮತ್ತೆ ಕಾಯಿಸಿ, ತೂಕ ನಿಲ್ಲುವವರೆಗೂ. ಇನ್ನು ಖರ್ಚು. ಪಿಂಗಾಣಿ ಕ್ರೂಸಿಬಲ್ಲನ್ನು ಬಿಸಿಬಿಸಿಯಾಗಿ ತಣ್ಣನೆ ಕಲ್ಲಿನ ಮೇಲೆ ಇಟ್ಟರೆ ಟಣ್ ಅಂತ ಸೀಳುತ್ತದೆ. ಹೋದ ವರ್ಷ ಅರ್ಧ ಡಜನ್ ಹೋದವು. ಒಡೆದದ್ದಕ್ಕೆ ಬಿಲ್ ಪಾಸ್ ಮಾಡಲ್ಲ ಅಂದರು, ನನ್ನ ಜೇಬಿಂದಲೇ ಕಟ್ಟಿದೆ. ಆ ಸಿಟ್ಟು ಇನ್ನೂ ಇದೆ.

ವಿಜ್ಞಾನ ಶಿಕ್ಷಕಿ, ಶಿರಸಿ: ಸರ್, 0.01ರ ತಕ್ಕಡಿಯಲ್ಲಿ 0.16 ಗ್ರಾಂ ಆಕ್ಸಿಜನ್ ತೂಗಿಸೋದು ಮಕ್ಕಳಿಗೆ ಶಿಕ್ಷೆ ಅಲ್ವಾ? ನಾನು ಮೈಲುತುತ್ತ (ಕಾಪರ್ ಸಲ್ಫೇಟ್) ಮಾಡಿಸುತ್ತೇನೆ. 5 ಗ್ರಾಂ ಹರಳು ಕಾಯಿಸಿದರೆ 3.20 ಉಳಿಯುತ್ತದೆ, 1.80 ನೀರು ಹೋಗುತ್ತದೆ. 0.02 ಆಚೀಚೆ ಆದರೂ ಒಂದು ಕಾಪರ್ ಸಲ್ಫೇಟ್‌ಗೆ ಐದು ನೀರು ಬಂದೇ ಬರುತ್ತದೆ. ನೀಲಿ ಹರಳು ಅಂಚಿನಿಂದ ಬೆಳ್ಳಗಾಗುತ್ತಾ ಬರುವುದನ್ನು ಮಕ್ಕಳು ಬಗ್ಗಿ ಬಗ್ಗಿ ನೋಡುತ್ತಾರೆ. ಉರಿ ಜಾಸ್ತಿ ಮಾಡಬೇಡಿ. ಕಪ್ಪಾದರೆ ಸಲ್ಫೇಟೇ ಒಡೆದಿದೆ ಅಂತ ಅರ್ಥ, ಲೆಕ್ಕ ಹಾಳು.

ಹಾಸನ: ಮೇಡಂ, ನೀವು ಅಳೆದದ್ದು ಹರಳಿನ ನೀರು ಮಾತ್ರ. ತಾಮ್ರ, ಗಂಧಕ ಎಷ್ಟೆಷ್ಟು ಅಂತ ಮಕ್ಕಳು ಕಂಡುಕೊಂಡರಾ? ಅದನ್ನೆಲ್ಲ ಪುಸ್ತಕದಿಂದ ಎತ್ತಿಕೊಂಡಿರಿ.

ಶಿರಸಿ: ಲೆಕ್ಕಕ್ಕೆ ನೀವು ಹಿಡಿಯುವ ಪರಮಾಣು ತೂಕ, ಮೆಗ್ನೀಸಿಯಂ 24, ಆಕ್ಸಿಜನ್ 16, ಎಲ್ಲಿಂದ ಬಂದವು ಸರ್? ಅವೂ ಪುಸ್ತಕದವೇ.

ಲ್ಯಾಬ್ ಅಸಿಸ್ಟೆಂಟ್, ಮೈಸೂರು: ಇಬ್ಬರೂ ಬರ್ನರ್ ಹಿಡಿದುಕೊಂಡೇ ಕೂತಿದ್ದೀರಿ, ಅವರ ಹತ್ತಿರ ಇರುವುದು ಒಂದೇ. ಸತು ಮತ್ತು ಅಯೋಡಿನ್ ಮಾಡಿಸಿ. 1 ಗ್ರಾಂ ಸತು, 1.27 ಗ್ರಾಂ ಅಯೋಡಿನ್, ಒಂಚೂರು ಅಸಿಟಿಕ್ ಆಮ್ಲ ಬಿಟ್ಟ ನೀರು. ಕಂದು ಬಣ್ಣ ಪೂರ್ತಿ ಹೋದ ಮೇಲೆ ಉಳಿದ ಸತು ತೊಳೆದು ಒಣಗಿಸಿ ತೂಗಿ. 0.67 ಆಸುಪಾಸು ಬರುತ್ತದೆ. ಒಂದು ಸತುವಿಗೆ ಎರಡು ಅಯೋಡಿನ್.

ಹಾಸನ: ಅಯೋಡಿನ್ ರೇಟ್ ಗೊತ್ತಾ ನಿಮಗೆ? ಮುಚ್ಚಳ ಸಡಿಲವಾದರೆ ಅದರ ಆವಿ ತಕ್ಕಡಿಯ ಲೋಹವನ್ನೂ ತಿನ್ನುತ್ತದೆ. ಒಂದು ತಕ್ಕಡಿ ಹೋದರೆ ನನ್ನ ಕ್ರೂಸಿಬಲ್‌ಗಳೇ ಅಗ್ಗ.

ಅಡಿಕೆ ತೋಟದವರು, ಸಾಗರ: ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯಲು ತಂದ ಮೈಲುತುತ್ತ ಮನೆಯಲ್ಲಿದೆ. ಅದು ಆಗುತ್ತಾ?

ಹಾಸನ: ಖಂಡಿತ ಬೇಡ. ಅದರಲ್ಲಿ ಏನೇನು ಬೆರೆತಿರುತ್ತದೋ!

ಶಿರಸಿ: ಯಾಕೆ ಹೆದರಿಸ್ತೀರಿ? ಬಿಸಿ ನೀರಿನಲ್ಲಿ ಕರಗಿಸಿ, ಸೋಸಿ, ರಾತ್ರಿ ಅಲುಗಾಡಿಸದೆ ಬಿಡಿ. ಬೆಳಗ್ಗೆ ಹೊಸ ಹರಳು ಕೂತಿರುತ್ತದೆ. ಕಾಗದದ ಮೇಲೆ ನೆರಳಲ್ಲಿ ಆರಿಸಿ. ಬಿಸಿಲಿಗೆ ಇಡಬೇಡಿ, ಹರಳಿನ ನೀರೂ ಹೋದೀತು.