ಪದಚರ್ಚೆ: ಐರಿಷ್ ಹೆಣ್ಣು ಹೆಸರು ‘ಶಿವಾನ್’, ಅದರೊಳಗೆ ‘ಭ’ ಇದೆಯೇ?

ಪ್ರಶ್ನೆ

ಐರಿಷ್ ಕತೆಯೊಂದರ ಅನುವಾದದಲ್ಲಿ ಎಸ್-ಐ-ಓ-ಬಿ-ಎಚ್-ಎ-ಎನ್ ಎಂಬ ಕಾಗುಣಿತದ ಹೆಣ್ಣು ಹೆಸರು ಬರುತ್ತದೆ. ಎ ಮೇಲೊಂದು ಓರೆ ಗೀಟು ಇದೆ. ಕರಡಿನಲ್ಲಿ ‘ಸಿಯೋಭಾನ್’ ಎಂದಿತ್ತು, ತಿದ್ದಿದವರು ‘ಶಿವಾನ್’ ಮಾಡಿದ್ದಾರೆ. ಯಾವುದು ಸರಿ? ಹೆಸರಿನ ಅರ್ಥವೇನು? ದನಿ ಕೇಳಿದರೆ ನಮ್ಮ ‘ಶಿವಾನಿ’ ನೆನಪಾಗುತ್ತದೆ, ನಂಟೇನಾದರೂ ಉಂಟೇ? ಇನ್ನೊಂದು: ಕರೆಯುವ ಕಡೆಯಲ್ಲೆಲ್ಲ ಹೆಸರಿನ ಹಿಂದೆ ಬಿಡಿಯಾಗಿ ಒಂದು ‘ಎ’ ಬಂದು, ಎಸ್ ಪಕ್ಕ ಎಚ್ ಸೇರಿಕೊಂಡಿದೆ. ಅಚ್ಚಿನ ತಪ್ಪೇ?

ಉತ್ತರ

ತಿದ್ದಿದವರು ಸರಿ. ‘ಶಿವಾನ್’ ಎಂದೇ ಉಳಿಸಿಕೊಳ್ಳಿ. ‘ಸಿಯೋಭಾನ್’ ಎಂದರೆ ಐರ್ಲೆಂಡಿನಲ್ಲಿ ಯಾರಿಗೂ ಅದು ಯಾರ ಹೆಸರೆಂದೇ ತಿಳಿಯುವುದಿಲ್ಲ.

ತಪ್ಪು ಹುಟ್ಟುವುದು ಎಚ್ ಅಕ್ಷರದಿಂದ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮಹಾಪ್ರಾಣ ತೋರಿಸಲು ಎಚ್ ಹಾಕುವ ರೂಢಿ ಇರುವುದರಿಂದ ಬಿ-ಎಚ್ ಕಂಡ ಕೂಡಲೇ ಕೈ ‘ಭ’ ಬರೆಯುತ್ತದೆ. ಐರಿಷಿನಲ್ಲಿ ಎಚ್ ಮಾಡುವ ಕೆಲಸವೇ ಬೇರೆ: ತನ್ನ ಹಿಂದಿರುವ ವ್ಯಂಜನ ಮೆದುವಾಗಿದೆ ಎಂದು ಹೇಳುವುದು. ಇದನ್ನು ಅವರು ‘ಶೇವ್ಯೂ’ ಎನ್ನುತ್ತಾರೆ. ಹಳೆಯ ಐರಿಷ್ ಅಚ್ಚಿನಲ್ಲಿ ಎಚ್ ಇರುತ್ತಿರಲಿಲ್ಲ, ಬಿ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ಕಳೆದ ಶತಮಾನದ ನಡುವೆ ರೋಮನ್ ಅಚ್ಚು ರೂಢಿಗೆ ಬಂದಾಗ ಚುಕ್ಕಿಯ ಜಾಗಕ್ಕೆ ಎಚ್ ಬಂತು. ನಾವು ‘ಬ’ ಕೆಳಗೆ ಗೀಟೆಳೆದು ‘ಭ’ ಮಾಡಿ ಉಸಿರು ಹೆಚ್ಚಿಸುತ್ತೇವೆ. ಅವರು ಬಿ ಮೇಲೆ ಚುಕ್ಕಿಯಿಟ್ಟು ತುಟಿಯ ತಡೆಯನ್ನೇ ತೆಗೆದುಬಿಡುತ್ತಾರೆ. ತಡೆ ಹೋದ ‘ಬ’ ಎಂದರೆ ‘ವ’.

ಹಳಗನ್ನಡ ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಬೇರ್ + ಬೆರಸಿ = ಬೇರ್ವೆರಸಿ, ಮೆಲ್ + ಮಾತು = ಮೆಲ್ವಾತು. ‘ಬ’ ಮತ್ತು ‘ಮ’ ಎರಡೂ ‘ವ’ ಆಗುವ ಆದೇಶಸಂಧಿ. ಐರಿಷಿನಲ್ಲೂ ಹಾಗೆಯೇ: ಬಿ-ಎಚ್ ಕೂಡ ‘ವ’, ಎಮ್-ಎಚ್ ಕೂಡ ‘ವ’. ಎನ್-ಐ-ಎ-ಎಮ್-ಎಚ್ ಎಂದು ಬರೆದ ಹೆಸರನ್ನು ‘ನೀವ್’ ಎನ್ನಬೇಕು, ‘ನಿಯಾಮ್’ ಅಲ್ಲ. (ಆ ಹೆಸರಿಗೆ ಹೊಳಪು, ಕಾಂತಿ ಎಂದು ಅರ್ಥ. ಅದು ಐರ್ಲೆಂಡಿನದೇ ಹೆಸರು. ‘ಶಿವಾನ್’ ಹಾಗಲ್ಲ, ಮುಂದೆ ಹೇಳುತ್ತೇನೆ.)

ಈಗ ಉಳಿದ ಅಕ್ಷರಗಳು. ಐರಿಷ್ ಬರವಣಿಗೆಯಲ್ಲಿ ಐ, ಇ ‘ತೆಳು’ ಸ್ವರಗಳು, ಎ, ಓ, ಯು ‘ಅಗಲ’ ಸ್ವರಗಳು. ಒಂದು ವ್ಯಂಜನದ ಎರಡೂ ಪಕ್ಕ ಒಂದೇ ಜಾತಿಯ ಸ್ವರ ಇರಬೇಕೆಂಬುದು ಅಲ್ಲಿನ ಶಾಲೆಯ ಮಕ್ಕಳಿಗೂ ಬಾಯಿಪಾಠ: ತೆಳುವಿಗೆ ತೆಳು, ಅಗಲಕ್ಕೆ ಅಗಲ. ಎಸ್ ಮುಂದೆ ಐ ಬಂದಿರುವುದರಿಂದ ಅದು ತೆಳು ಎಸ್, ಅಂದರೆ ‘ಶ’. ಬಿ-ಎಚ್ ಆದ ಮೇಲೆ ಅಗಲವಾದ ಎ ಇದೆ, ಹಾಗಾಗಿ ಅದರ ಹಿಂದೆಯೂ ಅಗಲ ಸ್ವರವೊಂದು ಬೇಕು. ಆ ಓ ಇರುವುದು ಅಷ್ಟಕ್ಕೇ. ಅದನ್ನು ಉಚ್ಚರಿಸುವುದಿಲ್ಲ. ‘ಸಿಯೋ’ದ ‘ಯೋ’ ಬಂದದ್ದು ಈ ಮೂಕ ಅಕ್ಷರಕ್ಕೆ ಬಾಯಿ ಕೊಟ್ಟದ್ದರಿಂದ.

ಎ ಮೇಲಿನ ಓರೆ ಗೀಟಿನ ಹೆಸರು ‘ಫದ’. ಆ ಪದದ ಅರ್ಥವೇ ‘ಉದ್ದ’. ನಮ್ಮ ದೀರ್ಘ ಅಂದುಕೊಳ್ಳಿ, ಕೆಲಸವೂ ಅದೇ, ಹೆಸರೂ ಅದೇ. ಅದನ್ನು ಅಲಂಕಾರವೆಂದು ಕೈಬಿಡಬಾರದು. ಎಸ್-ಇ-ಎ-ಎನ್ ಎಂಬಲ್ಲಿ ಎ ಮೇಲೆ ಫದ ಇದ್ದರೆ ಅದು ‘ಶಾನ್’ ಎಂಬ ಗಂಡು ಹೆಸರು, ಇಲ್ಲದಿದ್ದರೆ ‘ಹಳೆಯ, ಮುದಿ’ ಎಂಬ ಬರಿಯ ವಿಶೇಷಣ. ಕನ್ನಡದಲ್ಲಿ ದೀರ್ಘ ಬಿದ್ದುಹೋದರೆ ‘ಕಾಡು’ ‘ಕಡು’ ಆಗುವುದಿಲ್ಲವೇ, ಹಾಗೆ.

ಉಚ್ಚಾರ ಎಲ್ಲ ಕಡೆ ಒಂದೇ ಅಲ್ಲ. ದಕ್ಷಿಣದ ಮನ್‌ಸ್ಟರ್ ಸೀಮೆಯಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ, ಶಿ-‘ವಾ’ನ್. ಪಶ್ಚಿಮದಲ್ಲೂ ಉತ್ತರದಲ್ಲೂ ಮೊದಲಕ್ಷರದ ಮೇಲೆ, ನಡುವಿನ ದನಿ ಡಬ್ಲ್ಯೂ ಕಡೆಗೆ ವಾಲುತ್ತದೆ. ಕನ್ನಡದ ‘ವ’ ಇವೆರಡಕ್ಕೂ ಒಗ್ಗುವುದು ನಮ್ಮ ಭಾಗ್ಯ. ಕೊನೆಯ ‘ಆ’ ಇಂಗ್ಲಿಷ್ ಬಾಯಲ್ಲಿ ‘ಬಾಲ್’, ‘ಹಾಲ್’ ಎನ್ನುವಾಗಿನ ದನಿಗೆ ಹತ್ತಿರ. ಅವನ್ನು ನಾವು ‘ಆ’ದಿಂದಲೇ ಬರೆಯುತ್ತೇವಾದ್ದರಿಂದ ‘ಶಿವಾನ್’ ಸಾಕು. ‘ಶಿವೋನ್’ ಬೇಡ.

ಅರ್ಥಕ್ಕೆ ಬರೋಣ. ಹೀಬ್ರೂವಿನ ‘ಯೋಹಾನಾನ್’ ಇದರ ಬೇರು. ‘ಯೋ’ ಎಂಬುದು ಯೆಹೋವನ ಹೆಸರಿನ ಕಿರುರೂಪ, ‘ಹಾನಾನ್’ ಎಂದರೆ ಕೃಪೆ ತೋರಿದ. ಒಟ್ಟಿನಲ್ಲಿ ‘ಯೆಹೋವನು ಕೃಪೆ ತೋರಿದ್ದಾನೆ’. ಕನ್ನಡ ಬೈಬಲ್ಲಿನ ‘ಸ್ನಾನಿಕನಾದ ಯೋಹಾನ’ನ ಹೆಸರು ಇದೇ. ಗ್ರೀಕ್, ಲ್ಯಾಟಿನ್ ದಾಟಿ ಹಳೆಯ ಫ್ರೆಂಚಿನಲ್ಲಿ ಗಂಡಿಗೆ ‘ಜೆಹಾನ್’, ಹೆಣ್ಣಿಗೆ ‘ಜೆಹಾನೆ’ ಆಯಿತು. 1169ರಲ್ಲಿ ನಾರ್ಮನ್ನರು ಐರ್ಲೆಂಡಿನ ವೆಕ್ಸ್‌ಫರ್ಡ್ ತೀರದಲ್ಲಿ ಇಳಿದರಲ್ಲ, ಈ ಹೆಸರುಗಳು ಅಲ್ಲಿ ನೆಲೆಯೂರಿದ್ದು ಅವರ ಜತೆ. ಐರಿಷಿನಲ್ಲಿ ‘ಜ’ ದನಿ ಇರಲಿಲ್ಲ, ಹತ್ತಿರದ ‘ಶ’ ಹಿಡಿದರು. ಜೆಹಾನ್ ‘ಶಾನ್’ ಆದ, ಜೆಹಾನೆ ‘ಶಿವಾನ್’ ಆದಳು. ಜೇಮ್ಸ್ ‘ಶೇಮಸ್’ ಆದದ್ದೂ ಹೀಗೆಯೇ. ಅಷ್ಟೇಕೆ, ಜಾಕೆಟ್ಟಿಗೂ ಅಲ್ಲಿ ‘ಶ’ಕಾರವೇ.

ಶಿವಾನಿಯ ನಂಟು ಇಲ್ಲ. ‘ಶಿವ’ ಸಂಸ್ಕೃತದ ಮಂಗಳವಾಚಕ, ಇದು ಹೀಬ್ರೂ ಮೂಲದ್ದು. ಇವೆರಡು ಒಂದೇ ದನಿಗೆ ಬಂದು ನಿಂತದ್ದು ಕಾಕತಾಳೀಯ. ಸ್ಕಾಟ್ಲೆಂಡಿನಲ್ಲಿ ಇದೇ ಬಳಗದ ‘ಶೀನಾ’ ಎಂಬ ಹೆಣ್ಣು ಹೆಸರಿದೆ, ನಮ್ಮಲ್ಲಿ ‘ಶೀನ’ ಎಂದರೆ ಶ್ರೀನಿವಾಸ. ದನಿ ನೋಡಿ ನಂಟು ಕಟ್ಟಿದರೆ ಹೀಗೆಲ್ಲ ಆಗುತ್ತದೆ.

ಇನ್ನೊಂದು ಉತ್ತರ

ಮೇಲಿನದಕ್ಕೆ ಒಂದು ತಿದ್ದುಪಡಿ. ಬಿ-ಎಚ್ ಸಾಮಾನ್ಯವಾಗಿ ಮೆದುವಾದ ‘ಬ’ ಎನ್ನುವುದು ನಿಜ. ಆದರೆ ಈ ಹೆಸರಿನಲ್ಲಿ ಮೆದುವಾಗಲು ‘ಬ’ ಎಲ್ಲಿತ್ತು? ‘ಜೆಹಾನೆ’ಯಲ್ಲಿ ‘ಬ’ ಇಲ್ಲವೇ ಇಲ್ಲ. ನಡುವಿನ ‘ಹ’ ಕರಗಿ ಎರಡು ಸ್ವರ ಮುಖಾಮುಖಿಯಾದಾಗ ನಡುವೆ ‘ವ’ ನುಸುಳಿತು, ಆ ದನಿಗೆ ಕೈಗೆಟುಕುವ ಕಾಗುಣಿತವೆಂದು ಬಿ-ಎಚ್ ಬರೆದರು ಎಂದು ಓದುವುದೇ ಹೆಸರಿನ ಚರಿತ್ರೆಗೆ ಹೊಂದುತ್ತದೆ. ಹಾಗಾದರೆ ಹೋಲಿಕೆ ಕೊಡಬೇಕಾದದ್ದು ಬೇರ್ವೆರಸಿಯನ್ನಲ್ಲ, ಗುರು + ಅನ್ನು = ಗುರುವನ್ನು ಎಂಬ ವಕಾರಾಗಮವನ್ನು. ಉಚ್ಚಾರಕ್ಕೆ ಇದರಿಂದ ವ್ಯತ್ಯಾಸವಿಲ್ಲ, ಅಡಿಟಿಪ್ಪಣಿ ಬರೆಯುವುದಾದರೆ ವ್ಯತ್ಯಾಸವಿದೆ.

ಯೋಹಾನ ಐರ್ಲೆಂಡಿಗೆ ಎರಡು ಬಾಗಿಲಿನಿಂದ ಬಂದದ್ದನ್ನೂ ಸೇರಿಸಬೇಕು. ಚರ್ಚಿನ ಲ್ಯಾಟಿನ್ನಿನಿಂದ ಬಂದ ರೂಪ ‘ಓನ್’, ನಾರ್ಮನ್ನರಿಂದ ಬಂದದ್ದು ‘ಶಾನ್’. ಐರಿಷ್ ಬೈಬಲ್ಲಿನಲ್ಲಿ ಇರುವುದು ಓನ್. ಕರ್ನಾಟಕದಲ್ಲಿ ಇದೇ ಹೆಸರಿಗೆ ಮೂರು ಬಾಗಿಲು: ಕನ್ನಡ ಬೈಬಲ್ಲಿನ ಯೋಹಾನ, ಇಂಗ್ಲಿಷಿನ ಜಾನ್, ಮಂಗಳೂರು ಕಡೆಯ ಕೊಂಕಣಿಯಲ್ಲಿ ಪೋರ್ಚುಗೀಸಿನಿಂದ ಬಂದ ಜುವಾಂವ್.

ವಂಶಾವಳಿ ಹುಡುಕುವವರು ಇದನ್ನು ಗಮನಿಸಿ. ಹತ್ತೊಂಬತ್ತನೆಯ ಶತಮಾನದ ದಾಖಲೆಗಳಲ್ಲಿ ‘ಶಿವಾನ್’ ಸಿಗುವುದು ಅಪರೂಪ. ಕತೋಲಿಕ ಚರ್ಚುಗಳ ಪುಸ್ತಕಗಳು ಬಹುಮಟ್ಟಿಗೆ ಲ್ಯಾಟಿನ್ನಿನಲ್ಲೋ ಇಂಗ್ಲಿಷಿನಲ್ಲೋ ಇವೆ, 1864ರಲ್ಲಿ ಶುರುವಾದ ಜನನ ನೋಂದಣಿ ಇಂಗ್ಲಿಷಿನದು. ಮನೆಯಲ್ಲಿ ಶಿವಾನ್ ಎಂದು ಕರೆಸಿಕೊಂಡವಳು ಅಲ್ಲಿ ಜೊಹಾನಾ, ಜೋನ್, ಹ್ಯಾನಾ ಆಗಿರುತ್ತಾಳೆ. ಜೂಡಿತ್, ಜೂಲಿಯಾ ಆಗಿರುವುದೂ ಉಂಟು. ಈ ಕೊನೆಯೆರಡಕ್ಕೂ ಮೂಲ ಹೆಸರಿಗೂ ವ್ಯುತ್ಪತ್ತಿಯ ನಂಟಿಲ್ಲ, ‘ಜ’ಕಾರದ ಹೋಲಿಕೆಯಷ್ಟೇ. ಒಂದೇ ರೂಪ ಹಿಡಿದು ಹುಡುಕಿ ‘ಸಿಗಲಿಲ್ಲ’ ಎಂದು ಕೈಬಿಡಬೇಡಿ, ಐದನ್ನೂ ಹುಡುಕಿ. 1901 ಮತ್ತು 1911ರ ಜನಗಣತಿ ಉಳಿದಿವೆ, ಜಾಲದಲ್ಲೂ ಸಿಗುತ್ತವೆ.

ಸಂಬೋಧನೆಯದು ಅಚ್ಚಿನ ತಪ್ಪಲ್ಲ. ನಾವು ಕರೆಯುವಾಗ ಹೆಸರಿನ ಬಾಲ ಎಳೆಯುತ್ತೇವೆ: ರಾಮಾ, ತಂಗೀ. ಐರಿಷಿನಲ್ಲಿ ಬದಲಾಗುವುದು ತಲೆ. ಹೆಸರಿನ ಹಿಂದೆ ಒಂದು ‘ಅ’ ಬಂದು ಮೊದಲ ವ್ಯಂಜನ ಮೆದುವಾಗುತ್ತದೆ, ಎಸ್ ಮೆದುವಾದರೆ ‘ಹ’. ಹಾಗಾಗಿ ಶಿವಾನಳನ್ನು ಕರೆಯುವಾಗ ‘ಅ ಹಿವಾನ್’. ಸ್ಕಾಟ್ಲೆಂಡಿನ ‘ಹೇಮಿಶ್’ ಎಂಬ ಹೆಸರು ಹುಟ್ಟಿದ್ದೇ ಹೀಗೆ: ಅಲ್ಲಿನ ಜೇಮ್ಸನನ್ನು ಕರೆದ ರೂಪವನ್ನೇ ಹೆಸರೆಂದು ಇಂಗ್ಲಿಷಿನವರು ಬರೆದುಕೊಂಡರು.

ಅನುವಾದದಲ್ಲಿ ಮಾತ್ರ ‘ಹಿವಾನ್’ ಬರೆಯಬೇಡಿ, ಓದುವವರು ಕತೆಗೆ ಹೊಸಬಳು ಬಂದಳೆಂದು ಹಿಂದಿನ ಪುಟ ತಿರುವುತ್ತಾರೆ. ಎಲ್ಲ ಕಡೆ ‘ಶಿವಾನ್’ ಇಟ್ಟು ಕರೆಯುವ ಸಲಿಗೆಯನ್ನು ಕನ್ನಡದ್ದೇ ಮಾತಿನಲ್ಲಿ ತನ್ನಿ: ಗೆಳತಿ ಕರೆದರೆ ‘ಏ ಶಿವಾನ್, ಬಾರೇ’, ಅಪರಿಚಿತರು ಕರೆದರೆ ‘ಶಿವಾನ್ ಅವರೇ’. ವಿಭಕ್ತಿ ಸೇರಿಸುವಾಗ ಶಿವಾನಳ, ಶಿವಾನಳಿಗೆ ಎಂದು ನಡೆಸಿ. ‘ಶಿವಾನಿನ’, ‘ಶಿವಾನಿಗೆ’ ಎಂದು ಬರೆದರೆ ಊರಿನ ಹೆಸರಾಗುತ್ತದೆ, ಇಲ್ಲವೇ ನೀವು ತಪ್ಪಿಸಬೇಕೆಂದಿದ್ದ ಶಿವಾನಿಯೇ ಬಂದು ನಿಲ್ಲುತ್ತಾಳೆ.