ಡೂನ್ ಊರಿನ ಉಕ್ಕಿನ ಪಿಸ್ತೂಲು: ಕೊಳ್ಳುವ ಮುನ್ನ ಏನೇನು ನೋಡಬೇಕು?

ಡಂಡೀ ಕನ್ನಡಿಗ (ಪ್ರಶ್ನೆ):
ಮಾನ್ಯರೇ, ಇಲ್ಲಿನ ಹರಾಜೊಂದರ ಪಟ್ಟಿಯಲ್ಲಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಚಕಮಕಿ ಪಿಸ್ತೂಲೊಂದು ಬಂದಿದೆ. ನಳಿಗೆ, ಹಿಡಿ, ಮದ್ದು ಒತ್ತುವ ಗಜ ಎಲ್ಲವೂ ಉಕ್ಕಿನವು. ಮರದ ಚೂರೂ ಇಲ್ಲ. ಉದ್ದ ಸುಮಾರು 30 ಸೆಂ.ಮೀ. ಹಿಡಿಯ ತುದಿ ಟಗರಿನ ಕೊಂಬಿನಂತೆ ಎರಡೂ ಕಡೆಗೆ ಸುರುಳಿಯಾಗಿದ್ದು, ಕುದುರೆಯ (ಚಕಮಕಿ ಕಲ್ಲನ್ನು ಹಿಡಿದು ಬಡಿಯುವ ಭಾಗ) ಪಕ್ಕದ ತಗಡಿನ ಮೇಲೆ ಮರ್ಡಾಕ್ ಎಂಬ ಹೆಸರಿದೆ. ಇದು ನಿಜಕ್ಕೂ ಸ್ಕಾಟ್ಲೆಂಡಿನ ಡೂನ್ ಊರಿನ ಕೆಲಸವೇ ಎಂದು ತಿಳಿಯುವುದು ಹೇಗೆ? ಮುಂದೆ ಮೈಸೂರಿಗೆ ಮರಳುವಾಗ ಜೊತೆಯಲ್ಲಿ ತರಬಹುದೇ?

ಹಳೆಕೋವಿ:
ಹೆಸರೊಂದನ್ನೇ ನಂಬಿ ಕೈ ಎತ್ತಬೇಡಿ. 1646ರಲ್ಲಿ ಡೂನ್‌ಗೆ ಬಂದು ನೆಲೆಸಿದ ಥಾಮಸ್ ಕ್ಯಾಡೆಲ್‌ನಿಂದ ಶುರುವಾದ ಈ ಕಸುಬು ಕ್ಯಾಂಬೆಲ್, ಕ್ರಿಸ್ಟಿ, ಮರ್ಡಾಕ್ ಮೊದಲಾದವರ ಕೈಯಲ್ಲಿ ಬೆಳೆಯಿತು. ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್‌ನ ಪಡೆಯ ಸಾಮಾನ್ಯ ಸೈನಿಕರಿಗೆ ಬೇಕಾದ ಸರಳ ಪಿಸ್ತೂಲುಗಳನ್ನು ಬರ್ಮಿಂಗ್‌ಹ್ಯಾಮ್‌ನ ಐಸಾಕ್ ಬಿಸೆಲ್ ಮಾಡಿಕೊಟ್ಟ. ಅವುಗಳ ನಳಿಗೆಯ ಮೇಲೆ ಆರ್‌ಎಚ್‌ಆರ್ (ರಾಯಲ್ ಹೈಲ್ಯಾಂಡ್ ರೆಜಿಮೆಂಟ್) ಎಂಬ ಅಕ್ಷರಗಳಿರುತ್ತವೆ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ ಮೇಲಂತೂ ಹೈಲ್ಯಾಂಡ್ ಉಡುಪಿನ ಹುಚ್ಚು ಹೆಚ್ಚಿ, ಹಬ್ಬದ ಉಡುಪಿಗೆ ಒಪ್ಪುವ, ಗುಂಡು ಹಾರಿಸುವುದಕ್ಕಿಂತ ಸೊಂಟದಲ್ಲಿ ಮೆರೆಯುವುದಕ್ಕೆಂದೇ ಮಾಡಿದ ಪಿಸ್ತೂಲುಗಳು ಬಂದವು. ಹರಾಜಿನವರು ಇವೆಲ್ಲವನ್ನೂ ಒಂದೇ ಹೆಸರಿನಲ್ಲಿ ಕೂಗುವುದುಂಟು. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ಮೇಜರ್ ಪಿಟ್‌ಕೇರ್ನ್‌ನವೆಂದು ಇರಿಸಿರುವ ಜೋಡಿಯೂ ಮರ್ಡಾಕ್‌ನದೇ ಆದ್ದರಿಂದ, ಆ ಹೆಸರನ್ನು ಹೊಸದಾಗಿ ಕೊರೆಸುವ ಆಸೆ ಯಾರಿಗೆ ಬೇಕಾದರೂ ಬರಬಹುದು.

ಹಿಡಿಯ ಎರಡು ಕೊಂಬುಗಳ ನಡುವಿನ ಪುಟ್ಟ ಗುಂಡನೆಯ ಗುಬುಟನ್ನು ತಿರುಗಿಸಿ ನೋಡಿ. ಅದು ಬಿಚ್ಚಿಕೊಂಡು, ಹಿಂದೆಯೇ ರಂಜಕದ ತೂತನ್ನು (ಬೆಂಕಿ ನಳಿಗೆಯೊಳಗಿನ ಮದ್ದಿಗೆ ತಲುಪುವ ಕಿಂಡಿ) ಚುಚ್ಚಿ ಶುಚಿಮಾಡುವ ಸೂಜಿ ಹೊರಬರಬೇಕು. ಟ್ರಿಗರ್ ಗುಂಡಗಿನ ಮಣಿಯಂತಿದ್ದು, ಅದರ ಸುತ್ತ ಕಾವಲು ಬಳೆ ಇರುವುದಿಲ್ಲ. ಎಡಬದಿಗೆ ಸೊಂಟಪಟ್ಟಿಗೆ ಸಿಕ್ಕಿಸುವ ಉದ್ದನೆಯ ಕೊಕ್ಕೆ ಇರುತ್ತದೆ. ಕೆತ್ತನೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಉಳಿ ಕೊರೆದ ಗೆರೆಯ ಅಂಚು ಚೂಪಾಗಿ ಕಾಣುತ್ತದೆ, ಎರಕದ ನಕಲಿನಲ್ಲಿ ಅದೇ ಗೆರೆ ಸವೆದ ಸಾಬೂನಿನಂತೆ ಮೊಂಡಾಗಿರುತ್ತದೆ. ಅತಿಯಾಗಿ ಉಜ್ಜಿ ಕನ್ನಡಿಯಂತೆ ಹೊಳೆಸಿದ ಪಿಸ್ತೂಲಾಗಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಕೇಪಿನಕೋವಿ, ಮಡಿಕೇರಿ:
ಎಲ್ಲಕ್ಕಿಂತ ಮೊದಲು ಅದು ಖಾಲಿಯಿದೆಯೇ ಎಂದು ನೋಡಿರಿ. ತೆಳ್ಳಗಿನ ಮರದ ಕಡ್ಡಿಯನ್ನು ನಳಿಗೆಯ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಮೇಲಿಟ್ಟರೆ ತುದಿಯು ರಂಜಕದ ತೂತಿನವರೆಗೆ ಬರಬೇಕು. ಬಾರದಿದ್ದರೆ ಒಳಗೆ ಏನೋ ಇದೆ. ನೂರಾರು ವರ್ಷದ ಕರಿಮದ್ದು ಒಣಗಿದ್ದರೆ ಇಂದಿಗೂ ಹೊತ್ತಿಕೊಳ್ಳುತ್ತದೆ. ಪರೀಕ್ಷಿಸುವಾಗ ಬಾಯಿಯ ಎದುರು ನಿಲ್ಲಬೇಡಿ.

ಕಾನೂನುಪ್ರಿಯ:
ಬ್ರಿಟನ್ನಿನಲ್ಲಿ ಇಂಥದ್ದನ್ನು ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಳ್ಳಲು 1968ರ ಬಂದೂಕು ಕಾಯಿದೆಯಲ್ಲಿ ವಿನಾಯಿತಿ ಇದೆ. ಹಾರಿಸುವ ಉದ್ದೇಶವಿದ್ದರೆ ಇಲ್ಲ. ಭಾರತದ್ದು ಬೇರೆ ಮಾತು. ನಮ್ಮ 1959ರ ಆಯುಧ ಕಾಯಿದೆಯ 45ನೇ ಕಲಮು ಪ್ರಾಚೀನ ಆಯುಧವನ್ನು ಹೊರಗಿಡುತ್ತದೆ ನಿಜ, ಆದರೆ ಅದು ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ. ಕುದುರೆ ಚೆನ್ನಾಗಿ ಕೆಲಸ ಮಾಡುವ ಪಿಸ್ತೂಲು, ಎಂದರೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವಂಥದ್ದೇ, ಆ ವಿನಾಯಿತಿಗೆ ಸಿಗುವುದಿಲ್ಲ. ಮೊದಲು ಆಮದು ಪರವಾನಗಿಯ ವಿಚಾರ ಮುಗಿಸಿಕೊಳ್ಳಿ, ಆಮೇಲೆ ಹಣ ಕಟ್ಟಿ.

ಡಂಡೀ ಕನ್ನಡಿಗ:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ವೀಕ್ಷಣೆಗೆ ಹೋಗಿದ್ದೆ. ಸೂಜಿ ಬಿಚ್ಚಿಕೊಂಡಿತು, ಕೆತ್ತನೆಯ ಅಂಚೂ ಚೂಪಾಗಿತ್ತು. ಆದರೆ ಮಡಿಕೇರಿಯವರು ಹೇಳಿದಂತೆ ಕಡ್ಡಿ ಇಳಿಸಿದಾಗ ತೂತಿಗಿಂತ ಎರಡು ಬೆರಳಿನಷ್ಟು ಈಚೆಗೇ ನಿಂತುಬಿಟ್ಟಿತು. ಜೊತೆಗಿದ್ದ ಹರಾಜಿನ ಹುಡುಗ ಅಷ್ಟು ಹೊತ್ತೂ ಅದನ್ನು ತನ್ನ ಹೊಟ್ಟೆಗೆ ಗುರಿಯಾಗುವಂತೆಯೇ ಹಿಡಿದು ನಿಂತಿದ್ದ. ಪಿಸ್ತೂಲನ್ನು ಈಗ ಪಟ್ಟಿಯಿಂದ ತೆಗೆದು, ಮದ್ದು ಬಿಡಿಸಲು ಕೋವಿ ರಿಪೇರಿ ಮಾಡುವವರ ಬಳಿಗೆ ಕಳುಹಿಸಿದ್ದಾರೆ.